ನಡು ಬದುವಿನ ಅಗಸೆ

ತಂಗೆವ್ವ ಅಗಸೆ ಹುರಿಯಲು ಕೂತಳೆಂದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಇಡೀ ಓಣಿ ಮೂಗರಳಿಸುತ್ತಿತ್ತು. ಎಣ್ಣೆ ಸೋಕದ ಕಬ್ಬಿಣದ ಹಂಚು, ಸಣ್ಣ ಉರಿ, ಕೈಯಲ್ಲೊಂದು ಅರಿವೆಯ ಸುರುಳಿ, ಇಷ್ಟೇ ಅವಳ ಸಲಕರಣೆ. ಕಾಳಿನ ಬಣ್ಣವನ್ನು ಅವಳು ನೋಡುತ್ತಿರಲಿಲ್ಲ, ಸಪ್ಪಳ ಕೇಳುತ್ತಿದ್ದಳು. ಮೊದಲು ಒಂದೊಂದಾಗಿ ಚಟ್ ಎನ್ನುವ ಕಾಳು ಆಮೇಲೆ ಎಲ್ಲ ಒಟ್ಟಿಗೆ ಗಲಾಟೆ ಎಬ್ಬಿಸುತ್ತವೆ. ಆ ಗಲಾಟೆ ಇಳಿಯುವ ಮುಂಚೆ ಹಂಚು ಕೆಳಗಿಳಿಯಬೇಕು. ತುಸು ತಡವಾದರೆ ಕಹಿ, ತುಸು ಅವಸರವಾದರೆ ಅಂಟು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಚೂರು ಹುಣಸೆ, ಉಪ್ಪು, ಎಲ್ಲವನ್ನೂ ಪಡಸಾಲೆಯ ನೆಲದಲ್ಲಿ ಹೂತ ಕಲ್ಲಿನ ಒಳ್ಳಿಗೆ ಸುರಿದು ಒನಕೆ ಎತ್ತಿದಳೆಂದರೆ ಅರ್ಧ ತಾಸಿನಲ್ಲಿ ರೊಟ್ಟಿಗೆ ನೆಂಚುವ ಪುಡಿ, ಅಗಸೆ ಹಿಂಡಿ, ತಯಾರು.

ಡೋಣಿ ಹೊಳೆಯ ದಂಡೆಯ ನಮ್ಮೂರಲ್ಲಿ ಹಿಂಡಿ ಮಾಡದ ಮನೆಯಿಲ್ಲ. ಆದರೂ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರು ಒಣ ರೊಟ್ಟಿಯನ್ನು ಯಾರ ಮನೆಯಿಂದ ಕಟ್ಟಿಸಿಕೊಂಡರೂ ಹಿಂಡಿಗೆ ಮಾತ್ರ ತಂಗೆವ್ವನ ಬಾಗಿಲಿಗೇ ಬರುತ್ತಿದ್ದರು. ಅವಳೂ ಸುಮ್ಮನೆ ಕೊಟ್ಟು ಕಳಿಸುವವಳಲ್ಲ. "ಹೋದ ವರ್ಷ ಒಯ್ದ ಡಬ್ಬಿ ಎಲ್ಲಿ? ಮಲ್ಲಯ್ಯಗ ಏರಿಸಿ ಬಂದ್ಯೇನು?" ಎಂದು ನಾಲ್ಕು ಜನರ ಮುಂದೆ ಕೇಳಿ, ನಗಿಸಿ, ನಾಚಿಸಿ, ಆಮೇಲೆ ಎರಡು ಮುಷ್ಟಿ ಹೆಚ್ಚೇ ಹಾಕಿ ಕಳಿಸುತ್ತಿದ್ದಳು. ಅರವತ್ತರ ಹೆಂಗಸು, ಎತ್ತರದ ಆಳು, ಹಣೆಯ ತುಂಬ ವಿಭೂತಿ. ಅವಳ ಹಿಂಡಿಗೆ ಹಾಕಿದ ಮೆಣಸಿನಕಾಯಿ ಖಾರವೋ, ನಾಲಿಗೆ ಖಾರವೋ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಆ ನಾಲಿಗೆಯ ಖಾರ ಒಬ್ಬಳಿಗೆ ತಾಗಿದ್ದನ್ನು ಮಾತ್ರ ಯಾರೂ ಚೇಷ್ಟೆಗೆ ಎತ್ತುತ್ತಿರಲಿಲ್ಲ.

ಆ ಒಬ್ಬಳು ಕಸ್ತೂರೆವ್ವ, ತಂಗೆವ್ವನ ನೆಗೆಣ್ಣಿ. ತಂಗೆವ್ವನ ಗಂಡ ಗುರಪ್ಪನ ತಮ್ಮ ಮಲಕಪ್ಪನ ಹೆಂಡತಿ. ಸೊಸೆಯಾಗಿ ಬಂದಾಗ ಅವಳಿಗೆ ಹದಿನೆಂಟು, ತಂಗೆವ್ವನಿಗೆ ಮೂವತ್ತು, ಮೂರು ಮಕ್ಕಳ ತಾಯಿ. ತವರಿನಲ್ಲಿ ಅನ್ನ ಉಂಡು ಬೆಳೆದ ಹುಡುಗಿಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ತಂಗೆವ್ವ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ತಟ್ಟಿಸಿ ಕಲಿಸಿದಳು, ತಲೆ ಬಾಚಿ ಹೆರಳು ಹಾಕಿದಳು. ಒಂದೇ ಒಳ್ಳಿನಲ್ಲಿ ಇಬ್ಬರೂ ಎದುರುಬದುರು ನಿಂತು ಎರಡು ಒನಕೆಯಿಂದ ಕುಟ್ಟುತ್ತಿದ್ದರು. ಒಬ್ಬಳದು ಏರಿದಾಗ ಇನ್ನೊಬ್ಬಳದು ಇಳಿಯಬೇಕು. ಎಣಿಕೆ ತಪ್ಪಿದರೆ ಒನಕೆಗೆ ಒನಕೆ ಬಡಿದು ಕೈ ಜುಮ್ಮೆನ್ನುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಅವರ ಒನಕೆಗಳು ಒಮ್ಮೆಯೂ ಬಡಿಯಲಿಲ್ಲವೆಂದು ಮಲಕಪ್ಪ ಈಗಲೂ ಹೇಳುತ್ತಾನೆ.

ಕಸ್ತೂರೆವ್ವನಿಗೆ ಮಕ್ಕಳಾಗಲಿಲ್ಲ. ಗುಡಿ, ದರ್ಗಾ, ವಿಜಯಪುರದ ಡಾಕ್ಟರು, ಎಲ್ಲ ಆದವು. ತಂಗೆವ್ವನ ಮಕ್ಕಳೇ ಅವಳ ಸೊಂಟದ ಮೇಲೆ ಬೆಳೆದವು.

ಹನ್ನೊಂದು ವರ್ಷದ ಹಿಂದೆ ಅಣ್ಣತಮ್ಮಂದಿರು ಬೇರೆಯಾದರು. ಜಗಳವೇನೂ ಇರಲಿಲ್ಲ, ಮಕ್ಕಳ ಮದುವೆಗೆ ಬಂದಿದ್ದವು, ಮನೆ ಇಕ್ಕಟ್ಟಾಗಿತ್ತು, ಅಷ್ಟೇ. ಹೊಲದ ನಡುವೆ ಒಂದು ಬದು ಬಿತ್ತು, ಪಡಸಾಲೆಯ ನಡುವೆ ಒಂದು ಗೋಡೆ ಏಳಬೇಕಾಯಿತು. ತೊಡಕಾದದ್ದು ಒಳ್ಳು. ಅದು ಸರಿಯಾಗಿ ನಟ್ಟನಡುವೆ ಇತ್ತು. ಗೋಡೆ ಒಂದು ಮೊಳ ಆ ಕಡೆ ಸರಿದರೆ ಅಕ್ಕನಿಗೆ, ಈ ಕಡೆ ಸರಿದರೆ ತಂಗಿಗೆ.

"ಯಕ್ಕಾ, ಒಳ್ಳು ನನ್ನ ಕಡಿ ಇರ್ಲಿ. ನೀ ಬಂದು ಕುಟ್ಟು, ನಾ ಬ್ಯಾಡ ಅಂತೀನೇನು?" ಎಂದಳು ಕಸ್ತೂರೆವ್ವ, ನಗುತ್ತಲೇ.

ತಂಗೆವ್ವನಿಗೆ ಅವತ್ತು ಏನಾಗಿತ್ತೋ. ಬೆಳಗಿನಿಂದ ಪಾತ್ರೆ ಪಡಗ ಹಂಚಿ ತಲೆ ಕೆಟ್ಟಿತ್ತು. ಗೋಡೆ ಕಟ್ಟುವವರು, ನೆರೆಹೊರೆಯವರು, ಎಲ್ಲರೂ ನಿಂತಿದ್ದರು. ಅವಳು ನಾಲಿಗೆ ಹರಿಬಿಟ್ಟಳು. "ಮಕ್ಕಳಿಲ್ಲ ಮರಿ ಇಲ್ಲ, ಒಳ್ಳು ತಗೊಂಡು ಏನ್ ಮಾಡ್ತಿ? ನಿನ್ನ ಮನ್ಯಾಗ ಉಣ್ಣವರು ಯಾರದಾರ?"

ಗೋಡೆ ಕಟ್ಟುವವನ ಕೈಯಲ್ಲಿದ್ದ ಕರಣಿ ಹಾಗೆಯೇ ನಿಂತಿತು. ಕಸ್ತೂರೆವ್ವ ಮೂಲೆಯಲ್ಲಿದ್ದ ತನ್ನ ಒನಕೆಯನ್ನಷ್ಟೇ ಎತ್ತಿಕೊಂಡು ತನ್ನ ಪಾಲಿನ ಕೋಣೆಗೆ ಹೋದಳು. ಸಂಜೆಯ ಹೊತ್ತಿಗೆ ಗೋಡೆ ಎದೆಮಟ್ಟ ಎದ್ದಿತು, ಒಳ್ಳು ತಂಗೆವ್ವನ ಪಾಲಿಗೆ ಉಳಿಯಿತು.

ಆಡಿದ ಗಳಿಗೆಯಲ್ಲೇ ತಂಗೆವ್ವನಿಗೆ ಅದು ಆಡಬಾರದ ಮಾತೆಂದು ಗೊತ್ತಾಗಿತ್ತು. ಕಸ್ತೂರೆವ್ವ ನಾಳೆ ಬಂದು ಜಗಳ ತೆಗೆಯಲಿ, ಬಾಯಿಗೆ ಬಂದಂತೆ ಬಯ್ಯಲಿ, ಆಗ ಕಾಲು ಹಿಡಿದೇನು ಎಂದುಕೊಂಡಳು. ಕಸ್ತೂರೆವ್ವ ಬರಲಿಲ್ಲ, ಬಯ್ಯಲಿಲ್ಲ. ತಿಂಗಳಾಯಿತು, ವರ್ಷವಾಯಿತು. ತಾನಾಗಿ ಹೋಗಲು ತಂಗೆವ್ವನಿಗೆ ಧೈರ್ಯ ಸಾಲಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ಹೆಂಗಸು ಈ ಒಂದು ಬಾಗಿಲ ಮುಂದೆ ಅಳ್ಳೆದೆಯವಳಾದಳು. ಗುರಪ್ಪ ತೀರಿಕೊಂಡ ದಿನ ಕಸ್ತೂರೆವ್ವ ಬಂದು ಅವಳ ತಲೆಗೆ ನೀರು ಹಾಕಿದಳು, ಮೂರು ದಿನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು, ಒಂದೇ ಒಂದು ಮಾತಾಡದೆ ಎದ್ದು ಹೋದಳು.

ಇಬ್ಬರ ನಡುವೆ ಉಳಿದದ್ದು ಬದುವಿನ ಅಗಸೆ ಒಂದೇ. ನಮ್ಮ ಕಡೆ ಹೊಲದ ಅಂಚಿನ ಸಾಲು ಹೆಂಗಸರ ಪಾಲು. ಅಗಸೆಗೆ ದನ ಬಾಯಿ ಹಾಕುವುದಿಲ್ಲ, ಅದಕ್ಕೇ ಕಡಲೆ ಗೋಧಿಯ ಸುತ್ತ ಅದನ್ನು ಬಿತ್ತುತ್ತಾರೆ. ಬಿತ್ತುವುದಷ್ಟೇ ಗಂಡಸರ ಕೆಲಸ, ಬೆಳೆದದ್ದೆಷ್ಟು, ಯಾರಿಗೆ ಕೊಟ್ಟಿರಿ ಎಂದು ಯಾವ ಗಂಡಸೂ ಕೇಳುವಂತಿಲ್ಲ. ಹೊಲ ಹಂಚುವಾಗ ಪಂಚರು ನಡು ಬದುವಿನ ಅಗಸೆಯನ್ನು ಹಂಚಲು ಮರೆತರೋ, ಹೆಂಗಸರ ಉಸಾಬರಿ ಬೇಡವೆಂದು ಬಿಟ್ಟರೋ, ಅಂತೂ ಬದುವಿನ ಎರಡೂ ಮಗ್ಗಲು ನೀಲಿ ಹೂವು ಬಿಡುತ್ತಿತ್ತು. ಮಾಘದಲ್ಲಿ ಕಾಯಿ ಒಣಗಿ ಗಲಗಲ ಎನ್ನತೊಡಗಿದಾಗ ತಂಗೆವ್ವ ಒಂದು ದಿನ ಹೋಗಿ ತನ್ನ ಮಗ್ಗಲದ್ದನ್ನು ಕಿತ್ತು ತರುತ್ತಿದ್ದಳು, ಇನ್ನೊಂದು ದಿನ ಕಸ್ತೂರೆವ್ವ ಹೋಗಿ ತನ್ನದನ್ನು. ಹನ್ನೊಂದು ವರ್ಷದಲ್ಲಿ ಒಬ್ಬರ ಗಿಡವನ್ನು ಇನ್ನೊಬ್ಬರು ಮುಟ್ಟಲಿಲ್ಲ.

ಈ ವರ್ಷ ಪುಷ್ಯದಲ್ಲಿ ಕಸ್ತೂರೆವ್ವನನ್ನು ವಿಜಯಪುರದ ಆಸ್ಪತ್ರೆಗೆ ಒಯ್ದರು. ಎರಡು ವರ್ಷದಿಂದ ರಕ್ತ ಹೋಗುತ್ತಿದ್ದುದನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳಂತೆ. ಗರ್ಭಚೀಲ ತೆಗೆದರು ಎಂದು ಮಲಕಪ್ಪ ಬಂದು ಹೇಳಿದಾಗ ತಂಗೆವ್ವ ಮೊರದಲ್ಲಿದ್ದ ಜೋಳವನ್ನು ಹಾಗೇ ಬಿಟ್ಟು ದನದ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮಗ್ಗಲಲ್ಲಿ ಕೂತು ಅತ್ತಳು. ಒಂದು ಕೂಸನ್ನೂ ಹೊರದ ಚೀಲ ಹುಣ್ಣಾಗಿ ಹೋಯಿತಲ್ಲ ಎಂದು ಅತ್ತಳು. ಆ ಹುಣ್ಣಿಗೆ ತನ್ನ ಮಾತೂ ತಾಗಿರಬೇಕು ಎಂದು ಅವಳಿಗೆ ಅನಿಸಿಬಿಟ್ಟಿತು. ಯಾವ ಡಾಕ್ಟರೂ ಹಾಗೆ ಹೇಳುವುದಿಲ್ಲ, ಆದರೆ ಕೊಟ್ಟಿಗೆಯಲ್ಲಿ ಯಾವ ಡಾಕ್ಟರೂ ಇರಲಿಲ್ಲ.

ಮಾಘದಲ್ಲಿ ಅವಳು ಅಗಸೆ ಕೀಳಲು ಹೋದಾಗ ತನ್ನ ಮಗ್ಗಲದ್ದಷ್ಟನ್ನು ಕಿತ್ತು ಮುಗಿಸಿ ನಿಂತಳು. ಆಚೆ ಮಗ್ಗಲು ಹಾಗೇ ನಿಂತಿತ್ತು. ಮನೆಗೆ ಬಂದಳು. ಮರುದಿನ ಮತ್ತೆ ಹೋಗಿ ನೋಡಿದಳು. ಮೂರನೆಯ ದಿನ ಕಾಯಿ ಒಡೆದು ಕಾಳು ಉದುರುವ ಹೊತ್ತು ಬಂತು. ಕಚ್ಚೆ ಬಿಗಿದು ಬದು ದಾಟಿದಳು. ಕಳ್ಳತನ ಮಾಡಿದವಳಂತೆ ಅತ್ತ ಇತ್ತ ನೋಡುತ್ತ ಕಿತ್ತಳು, ಬೇರೆ ಗೋಣಿತಾಟಿನ ಮೇಲೆ ಬೇರೆಯೇ ಬಡಿದಳು, ಬೇರೆಯೇ ಕೇರಿ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದಳು. ಎರಡು ಸೇರು ಕಾಳು. ಅದನ್ನು ಕೊಡುವುದು ಹೇಗೆ ಎಂದು ಮಾತ್ರ ತೋಚಲಿಲ್ಲ. ಗಂಟು ದೇವರ ಮಾಡದಲ್ಲಿ ಕೂತಿತು.

ಹೀಗಿರುವಾಗ ಒಂದು ಬೆಳಗ್ಗೆ ಮಲಕಪ್ಪ ಬಂದು ಕಟ್ಟೆಯ ಮೇಲೆ ಕೂತ. ಮುಖ ಬಾಡಿತ್ತು.

"ವೈನಿ, ಏನ್ ಹೇಳ್ಲಿ. ಎರಡು ಬಿಸ್ಕೀಟ, ಒಂದು ಕಪ್ ಚಾ. ಮುಗೀತು ಅಕಿ ಊಟ. ರೊಟ್ಟಿ ಅಂದ್ರ ಮಾರಿ ತಿರಗಸ್ತಾಳ."

"ಯಾಕಂತ?"

ಮಲಕಪ್ಪ ಟವೆಲಿನ ಚುಂಗು ಸುತ್ತುತ್ತ, ಅವಳ ಮುಖ ನೋಡದೆ ಹೇಳಿದ. "ಹೊರಕಡಿಗೆ ಹೋಗಾಕ ಅಂಜತಾಳ. ತಿಣುಕಿದ್ರ ಒಳಗಿನ ಹೊಲಿಗಿ ಬಿಚ್ಚತಾವ ಅಂತ. ತಿನ್ನೂದ ಬಿಟ್ರ ಹೋಗೂದೂ ತಪ್ಪತೈತಿ ಅಂತ ತಿಳದಾಳ. ಕರಳು ಒಣಗಿ ಕಟಗಿ ಆಗ್ಯಾವ. ಕೈ ಹಿಡದು ಎಬ್ಬಿಸಿದ್ರ ಎಲುಬು ಮುರದಾವು ಅನ್ನೂ ಹಂಗ ಆಗ್ಯಾಳ ವೈನಿ."

"ಡಾಕ್ಟರ ಏನಂತಾನ?"

"ಹೊಲಿಗಿ ಯಾವಾಗೋ ಮಾಯ್ದಾವ, ಉಣ್ಣಸ್ರಿ ಅಂತಾನ. ಅಲ್ಲಿ ನರ್ಸ್‌ಬಾಯಿ ಈ ಚೀಟಿ ಕೊಟ್ಟಾಳ. ದಿನಾ ಎರಡು ಚಮಚ ಅಗಸಿ ಪುಡಿ ಕೊಡ್ರಿ ಅಂತ."

"ಅಗಸಿಗೇನ ಬರಾನ? ತಡಿ, ಖಾರ ಕಡಿಮಿ ಹಾಕಿ ಈಗ ಕುಟ್ಟಿ ಕೊಡ್ತೀನಿ" ಎಂದು ತಂಗೆವ್ವ ಆಗಲೇ ಎದ್ದು ನಿಂತಿದ್ದಳು.

ಮಲಕಪ್ಪ ಕೈ ಅಡ್ಡ ಮಾಡಿದ. "ಬ್ಯಾಡ ವೈನಿ. ನಿನ್ನೆ ಅದ ಮಾತ ತಗದಿದ್ದೆ. ನಾನ ಮಿಕ್ಸರಿಗೆ ಹಾಕಿ ತಿರಿವಿ ಕೊಟ್ಟೆ, ಹೊತ್ತಿದ ನಾತ ಅಂತ ತಾಟು ದೂಡಿದಳು. ವೈನಿ ಕಡಿಂದ ತರ್ಲೇನು ಅಂದೆ." ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಉಣ್ಣವರು ಯಾರದಾರ ಅಂತ ಕೇಳಿದ ಒಳ್ಳು ಅದು, ಅದರಾಗ ಕುಟ್ಟಿದ್ದು ನನ್ನ ಗಂಟಲಾಗ ಇಳಿಯಂಗಿಲ್ಲ ಅಂದಳು."

ತಂಗೆವ್ವ ಎದ್ದವಳು ಹಾಗೇ ಕೂತಳು. ಹನ್ನೊಂದು ವರ್ಷವಾದರೂ ಒಂದಕ್ಷರ ಮರೆತಿರಲಿಲ್ಲ ಕಸ್ತೂರಿ. ತಾನೂ ಮರೆತಿರಲಿಲ್ಲ.

ಮಲಕಪ್ಪ ಹೋದ ಮೇಲೆ ಚೀಟಿ ಅಲ್ಲೇ ಬಿದ್ದಿತ್ತು. ಸೊಸೆ ಸುಜಾತಾ ಅಂಗನವಾಡಿಯ ಟೀಚರು. ಮಧ್ಯಾಹ್ನ ಬಂದವಳ ಕೈಗೆ ತಂಗೆವ್ವ ಚೀಟಿ ಕೊಟ್ಟು, "ಓದು, ಒಂದೂ ಬಿಡಬ್ಯಾಡ" ಎಂದಳು.

"ಅಗಸಿಯೊಳಗ ನಾರು ಬಾಳ ಐತಂತ ಅತ್ತಿ. ನೀರು ಕುಡದು ಉಬ್ಬತೈತಿ, ಕರಳಿಗೆ ಮೆತ್ತಗ ದಾರಿ ಮಾಡತೈತಿ. ಅದಕ್ಕ ನೀರು ಬಾಳ ಕುಡೀಬೇಕು, ಇಲ್ಲಂದ್ರ ಉಲ್ಟಾ ಇನ್ನಷ್ಟು ಕಟ್ಟತೈತಿ."

"ಹ್ಞೂಂ."

"ರಕ್ತದಾಗಿನ ಕೆಟ್ಟ ಕೊಬ್ಬು ಒಂದೀಟು ತಗ್ಗಸ್ತೈತಿ. ಮೀನಿನೊಳಗ ಇರ್ತೈತೆಲ್ಲ, ಅಂಥದ ಒಂದು ನಮೂನಿ ಒಳ್ಳೆ ಎಣ್ಣಿ ಐತಿ."

"ಶಿವಶಿವಾ! ಲಿಂಗ ಕಟ್ಟಿದವರ ಮನ್ಯಾಗ ಮೀನ ಯಾಕ ತಂದ್ಯ?"

"ಮೀನ ತಿನ್ನದವರಿಗೆ ಅಗಸಿ ಅಂತ ಬರದಾರ ಅತ್ತಿ, ಗಾಬರಿ ಆಗಬ್ಯಾಡ. ಇಡೀ ಕಾಳು ನುಂಗಬಾರದು, ಬಂದ ದಾರೀಲೆ ಹಂಗ ಹೊರಗ ಹೋಗ್ತಾವ, ಪುಡಿ ಮಾಡೇ ತಿನ್ನಬೇಕು. ದಿನಕ್ಕ ಒಂದೆರಡು ಚಮಚ, ಜಾಸ್ತಿ ಬ್ಯಾಡ. ಇದು ಔಷಧ ಅಲ್ಲ, ಊಟ. ಗುಳಗಿ ಬಿಟ್ಟು ಇದನ್ನ ನಂಬಬ್ಯಾಡ್ರಿ. ಮುಗೀತು." ಚೀಟಿ ತಿರುಗಿಸಿದಳು. "ಹಿಂದ ಇನ್ನೊಂದು ಸಾಲೈತಿ. ಮೊಳಕಿ ಬರಿಸೀನೂ ತಿನ್ನಬಹುದು, ಹಗುರ ಆಗ್ತೈತಿ. ಹಸೇದು ಬ್ಯಾಡ, ಬಿಸಿ ಊಟದಾಗ ಕಲಸಿ ಹಬಿ ತಾಗಸ್ರಿ."

"ಏನಂದಿ? ಮೊಳಕಿ?"

"ಹೌದ್ರಿ ಅತ್ತಿ."

"ಮೊಳಕಿಗೆ ಒಳ್ಳು ಬೇಕಾಗಂಗಿಲ್ಲ" ಎಂದಳು ತಂಗೆವ್ವ, ತನಗೆ ತಾನೇ. ದೇವರ ಮಾಡದ ಕಡೆ ನೋಡಿದಳು. ಗಂಟಿನಲ್ಲಿದ್ದ ಕಾಳು ಕಸ್ತೂರಿಯದೇ, ಒಳ್ಳಿನ ಹಂಗೂ ಇಲ್ಲ. ಅವತ್ತು ಅವಳು ಒಂದು ರೊಟ್ಟಿ ಹೆಚ್ಚು ಉಂಡಳು.

ಮಡಕಿಕಾಳು ಹೆಸರುಕಾಳನ್ನು ನೆನೆಸಿ ಅರಿವೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿದವಳಿಗೆ ಅಗಸೆ ಏನು ದೊಡ್ಡದು? ಮುಷ್ಟಿ ಕಾಳನ್ನು ನೀರಿಗೆ ಹಾಕಿದಳು. ಬೆಳಗ್ಗೆ ನೋಡಿದರೆ ನೀರೆಲ್ಲ ಲೋಳೆ, ಕಾಳಿಗೆ ಕಾಳು ಅಂಟಿ ಒಂದೇ ಮುದ್ದೆ. ಹೀಗೇ ಇರಬೇಕೆಂದು ಬಿಗಿಯಾಗಿ ಅರಿವೆಯಲ್ಲಿ ಕಟ್ಟಿ ತೂಗುಹಾಕಿದಳು. ಮೂರನೆಯ ದಿನ ಬಿಚ್ಚಿದಾಗ ಹುಳಿ ನಾತ ಮೂಗಿಗೆ ಹೊಡೆಯಿತು, ಬೆರಳಿಂದ ಬೆರಳಿಗೆ ದಾರ ಎಳೆಯಿತು.

"ಅತ್ತಿ, ಇದು ಮೊಳಕಿ ಅಲ್ಲ. ಅಂಗನವಾಡಿ ಚಿತ್ರಪಟ ಹರದಾವ, ಅಂಟಸಾಕ ಬರ್ತೈತಿ, ಕೊಡ್ರಿ."

"ನಗು ನಗು. ನಿನ್ನ ಸಾಲಿಯೊಳಗ ಇದನ್ನ ಕಲಿಸ್ಲಿಲ್ಲೇನು?" ತಂಗೆವ್ವ ಸಿಟ್ಟಿನಿಂದ ಕೈ ಝಾಡಿಸಿದಳು. ಲೋಳೆ ಹಾರಿ ಪಕ್ಕದಲ್ಲಿದ್ದ ನೀರಿನ ಹರವಿಯ ಹೊಟ್ಟೆಗೆ ಬಡಿಯಿತು. ಅರಿವೆ ಒಗೆದು ಹಾಕಿ, ಹರವಿಯನ್ನು ಒರೆಸಲು ಮರೆತು, ಮುಖ ಗಂಟಿಕ್ಕಿಕೊಂಡು ಹೊಲಕ್ಕೆ ಹೋದಳು. ನೆಲ ನಂಬಿ ಬದುಕಿದವಳಿಗೆ ಒಂದು ಮುಷ್ಟಿ ಕಾಳು ಮೊಳೆಯಲಿಲ್ಲವೆಂದರೆ ಅದು ಸಣ್ಣ ಅವಮಾನವಲ್ಲ. ಆ ಕಾಳು ಕಸ್ತೂರಿಯದು ಬೇರೆ.

ನಾಲ್ಕು ದಿನದ ಮೇಲೆ ಹರವಿಗೆ ನೀರು ತುಂಬಲು ಬಗ್ಗಿದವಳು ಹಾಗೇ ನಿಂತಳು. ಬಿಸಿಲಿಗೆ ಬೆವರುವ ಮಣ್ಣಿನ ಹೊಟ್ಟೆಯ ಮೇಲೆ, ಲೋಳೆ ಸಿಡಿದಲ್ಲೆಲ್ಲ, ಹತ್ತು ಹದಿನೈದು ಹಸಿರು ಕಡ್ಡಿ ಎದ್ದು ನಿಂತಿದ್ದವು. ಒಂದೆರಡರ ತಲೆಯ ಮೇಲೆ ಕಾಳಿನ ಸಿಪ್ಪೆ ಇನ್ನೂ ಟೊಪ್ಪಿಗೆಯಂತೆ ಕೂತಿತ್ತು.

"ಸುಜಾತಾ! ಏ ಸುಜಾತಾ! ಓಡಿ ಬಾ ಇಲ್ಲಿ!"

ಚೇಳು ಕಡಿಯಿತೆಂದು ಓಡಿ ಬಂದ ಸುಜಾತಾ ಹರವಿ ನೋಡಿ ನಕ್ಕಳು. ತಂಗೆವ್ವ ನಗಲಿಲ್ಲ. ಅವಳಿಗೆ ಎಲ್ಲ ತಿಳಿದುಹೋಗಿತ್ತು. ಅಗಸೆಯನ್ನು ಅರಿವೆಯಲ್ಲಿ ಕಟ್ಟಿ ಉಸಿರುಗಟ್ಟಿಸಬಾರದು. ಅದರ ಅಂಟೇ ಅದರ ಬೇರು ಊರುವ ಜಾಗ. ಗಾಳಿಗೆ ಮೈಯೊಡ್ಡಿ, ಮಣ್ಣು ಕೊಟ್ಟಷ್ಟೇ ನೀರು ಕುಡಿದು ಅದು ಏಳುತ್ತದೆ.

ಕುಂಬಾರರ ಮನೆಯಿಂದ ಹೊಸ ಗಡಿಗೆ ಬಂತು. ಕುದಿಸಿ ಆರಿಸಿದ ನೀರಿನಲ್ಲಿ ಗಡಿಗೆ ತೊಳೆದಳು, ಅದೇ ನೀರಿನಲ್ಲಿ ಗಂಟಿನ ಕಾಳನ್ನು ತುಸು ಹೊತ್ತು ನೆನೆಸಿ, ಲೋಳೆ ಬಿಟ್ಟ ಮೇಲೆ ಗಡಿಗೆಯ ಹೊರಮೈಗೆ ತೆಳ್ಳಗೆ ಸವರಿದಳು, ಒಳಗೆ ನೀರು ತುಂಬಿ ನೆರಳಲ್ಲಿಟ್ಟಳು. ಬೆಳಗ್ಗೆ ಸಂಜೆ ನೀರು ಚಿಮುಕಿಸುವುದು, ಗಡಿಗೆ ತಿರುಗಿಸಿ ಗಾಳಿ ತಾಗಿಸುವುದು, ನೊಣ ಬರದಂತೆ ತೆಳ್ಳನೆಯ ಅರಿವೆ ಮರೆಮಾಡುವುದು. ಮೂರು ಕೂಸು ಸಾಕಿದವಳು ನಾಲ್ಕನೆಯದನ್ನು ಸಾಕಿದಂತೆ ಸಾಕಿದಳು. ಆ ವಾರ ಅವಳು ಒನಕೆ ಮುಟ್ಟಲಿಲ್ಲ. ಹಿಂಡಿಗೆ ಬಂದವರನ್ನು, "ಮುಂದಿನ ವಾರ ಬರ್ರಿ, ನಿಮ್ಮ ಮಲ್ಲಯ್ಯ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ಕಳಿಸಿದಳು.

ಆರನೆಯ ದಿನ ಮಲಕಪ್ಪ ಬಾಗಿಲಲ್ಲಿ ನಿಂತ. "ವೈನಿ, ಆರಾಮ ಇಲ್ಲೇನು?"

"ನನಗೇನಾಗೈತಿ? ಗುಂಡಕಲ್ಲಿನಂಗ ಅದೀನಿ."

"ಅಲ್ಲ, ಅಕಿ ಕೇಳಿದಳು. ವಾರ ಆತು, ಗ್ವಾಡಿ ಆಚೆ ಕುಟ್ಟೂ ಸಪ್ಪಳ ಇಲ್ಲ, ಅಕ್ಕಗ ಏನರ ಆಗೈತೇನು, ಹೋಗಿ ನೋಡಿ ಬಾ ಅಂದಳು."

ಅಕ್ಕ. ತಂಗೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹನ್ನೊಂದು ವರ್ಷದಿಂದ ಈ ಗೋಡೆಯ ಈಚೆ ತಾನು ಕುಟ್ಟುತ್ತಿದ್ದರೆ ಆಚೆ ಒಬ್ಬಳು ಕಿವಿಗೊಟ್ಟು ಕೂತಿರುತ್ತಿದ್ದಳೇ? "ನಾಳೆ ನಾನ ಬರ್ತೀನಿ ಅಂತ ಹೇಳು" ಎಂದಳು.

ಮರುದಿನ ಬೆಳಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿ, ಮೈತುಂಬ ಹಸಿರು ಹೊತ್ತ ಗಡಿಗೆಯನ್ನು ಟೊಂಕದ ಮೇಲಿಟ್ಟುಕೊಂಡು ಹೊರಟಳು. ಎರಡು ಬಾಗಿಲ ನಡುವೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲೇ ಎದುರು ಮನೆಯ ಮುದುಕಿ ಪಾರಮ್ಮನ ಕಣ್ಣಿಗೆ ಬಿದ್ದಳು.

"ಏನ ತಂಗೆವ್ವ, ಬ್ಯಾಸಗ್ಯಾಗ ನವರಾತ್ರಿ ಘಟ ಹೊತ್ತಿ?"

"ನನ್ನ ನವರಾತ್ರಿ ಈಗ ಬಂದೈತಿ ಬೇ" ಎಂದು ತಂಗೆವ್ವ ನಿಲ್ಲದೆ ಒಳಗೆ ಹೋದಳು. ನಿಂತಿದ್ದರೆ ವಾಪಸು ಬಂದುಬಿಡುತ್ತಿದ್ದಳು.

ಕಸ್ತೂರೆವ್ವ ಗೋಡೆಗೆ ಹಚ್ಚಿದ ಮಂಚದ ಮೇಲೆ ಮಲಗಿದ್ದಳು. ದುಂಡು ಮುಖದ ಹುಡುಗಿ ಇದ್ದಳಲ್ಲ, ಅವಳು ಎಲ್ಲಿ ಹೋದಳು ಎಂದು ತಂಗೆವ್ವ ಆ ಮುಖದಲ್ಲಿ ಹುಡುಕಿದಳು. ಮೂಲೆಯಲ್ಲಿ ಆ ಹಳೆಯ ಒನಕೆ ಹಾಗೇ ಒರಗಿ ನಿಂತಿತ್ತು. ಕಸ್ತೂರೆವ್ವ ಗಡಿಗೆ ನೋಡಿದಳು, ಅಕ್ಕನ ಮುಖ ನೋಡಿದಳು, ಮತ್ತೆ ಗಡಿಗೆ ನೋಡಿದಳು.

ತಂಗೆವ್ವ ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ನಿನ್ನ ಮಗ್ಗಲದ ಅಗಸಿ ಇದು" ಎಂದಳು. "ಕೇಳದ ಕಿತ್ತೀನಿ, ಉದುರಿ ಹೋಗ್ತಿತ್ತು. ನನ್ನ ಕಾಳು ಒಂದೂ ಕೂಡಿಲ್ಲ. ಒಳ್ಳಿಗೆ ತೋರಿಸೂ ಇಲ್ಲ."

ತಂಗೆವ್ವ ಅಡಿಗೆಮನೆಗೆ ಹೋದಳು. ಯಾವುದು ಎಲ್ಲಿರುತ್ತದೆಂದು ಕೇಳಬೇಕಾಗಲಿಲ್ಲ, ಇಬ್ಬರೂ ಹತ್ತೊಂಬತ್ತು ವರ್ಷ ಒಂದೇ ಅಡಿಗೆಮನೆಯಲ್ಲಿ ದುಡಿದವರು. ಜೋಳದ ನುಚ್ಚು ಕುದಿಸಿದಳು. ಗಡಿಗೆಯ ಮೈಮೇಲಿನ ಮೊಳಕೆಯನ್ನು ಮುಷ್ಟಿಯಷ್ಟು ಬಿಡಿಸಿ, ತೊಳೆದು, ಬಿಸಿ ನುಚ್ಚಿನಲ್ಲಿ ಕಲಸಿ ಮುಚ್ಚಿಟ್ಟಳು. ಆರಿದ ಮೇಲೆ ಮಜ್ಜಿಗೆ ಬೆರೆಸಿದಳು. ತಾಟು ತಂದು ಮಂಚದ ಮಗ್ಗಲು ಕೂತಳು. ತುತ್ತು ಎತ್ತಿದಳು.

"ಕಸ್ತೂರಿ, ಆವತ್ತ ನಾ ಅಂದದ್ದು ತಪ್ಪು. ಅಂದ ಬಾಯಿಗೆ ಬೆಂಕಿ ಬೀಳ್ಲಿ. ಹನ್ನೊಂದು ವರ್ಷ ಒನಕಿ ಎತ್ತಿದಾಗೊಮ್ಮೆ ಅದ ಮಾತು ನನಗ ಕೇಳಿಸೇತಿ. ನೀ ನನ್ನ ಕೂಡ ಮಾತಾಡಬ್ಯಾಡ, ನಡೀತೈತಿ. ಉಣ್ಣು ಅಷ್ಟ."

ಕಸ್ತೂರೆವ್ವ ಬಹಳ ಹೊತ್ತು ಗೋಡೆಯನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು. ಒಂದು ತುತ್ತು, ಎರಡು, ಮೂರು. ನಾಲ್ಕನೆಯದಕ್ಕೆ ಅಂದಳು, "ಉಪ್ಪಿಲ್ಲ."

ತಂಗೆವ್ವನ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ನಗು ಬಂತು. "ಇದ್ದದ್ದ ಉಣ್ಣು" ಎಂದಳು. ದೊಡ್ಡ ಲೋಟದ ತುಂಬ ನೀರು ಕುಡಿಸಿ, ಇನ್ನೊಂದು ಲೋಟ ಕೈಗೆ ಎಟುಕುವಲ್ಲಿ ಇಟ್ಟು ಎದ್ದಳು. ಕ್ಷಮಿಸಿದೆ ಎಂಬ ಮಾತು ಕಸ್ತೂರೆವ್ವನ ಬಾಯಿಂದ ಅವತ್ತು ಬರಲಿಲ್ಲ.

ಆಮೇಲೆ ದಿನಾ ಹೋದಳು. ಮೂರು ಗಡಿಗೆ ಸರದಿಯ ಮೇಲೆ ಹಸಿರಾಗುತ್ತಿದ್ದವು. ಐದನೆಯ ದಿನ ಮಲಕಪ್ಪ ಮದುವೆ ಸುದ್ದಿ ಹೇಳುವವನಂತೆ ಓಡಿ ಬಂದು, "ವೈನಿ, ಸಲೀಸ ಆತಂತ!" ಎಂದು ಕಟ್ಟೆಯ ಮೇಲಿಂದಲೇ ಕೂಗಿದ, ಪಾರಮ್ಮ ಏನು ಸಲೀಸಾಯಿತೆಂದು ಕೇಳಿದಾಗ ನಾಚಿ ನೀರಾದ. ಅಗಸೆಯೊಂದೇ ಮಾಡಿದ ಪವಾಡವೇನಲ್ಲ ಅದು. ನೀರು ಹೊಟ್ಟೆಗೆ ಬಿತ್ತು, ನುಚ್ಚು ಬಿತ್ತು, ಅಂಜಿಕೆ ಬಿಟ್ಟಿತು, ಗುಳಿಗೆಯೂ ನಡೆದೇ ಇತ್ತು. ಮುಂದಿನ ವಾರ ಅರ್ಧ ರೊಟ್ಟಿ, ಅದರ ಮುಂದಿನ ವಾರ ಒಂದು. ಕೆನ್ನೆಗೆ ಬಣ್ಣ ಬಂತು. ಮಾತು ಮಾತ್ರ ಎರಡು ಮೂರಕ್ಕಿಂತ ಹೆಚ್ಚು ಬರಲಿಲ್ಲ. ಬಿಸಿ ಐತಿ, ಸಾಕು, ನೀರು. ತಂಗೆವ್ವ ಅಷ್ಟಕ್ಕೇ ತೃಪ್ತಿಪಟ್ಟಳು. ಹೆಚ್ಚು ಕೇಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹೋಳಿ ಹುಣ್ಣಿಮೆ ಕಳೆಯಿತು. ಶ್ರೀಶೈಲಕ್ಕೆ ಹೋಗುವವರು ಡಬ್ಬಿ ಹಿಡಿದು ಬಾಗಿಲಿಗೆ ಬಂದರು, ಇನ್ನು ತಡಮಾಡುವಂತಿರಲಿಲ್ಲ. ಒಂದು ಬೆಳಗ್ಗೆ ತಂಗೆವ್ವ ಹಂಚು ಒಲೆಯ ಮೇಲಿಟ್ಟಳು. ಕಾಳು ಗಲಾಟೆ ಎಬ್ಬಿಸಿದವು, ಓಣಿ ಮೂಗರಳಿಸಿತು. ಒಳ್ಳಿಗೆ ಸುರಿದು ಒನಕೆ ಎತ್ತಿದಳು. ಎತ್ತುವಾಗ ಅವಳಿಗೆ ಒಂದೇ ಅಳುಕು: ಈ ಸಪ್ಪಳ ಕೇಳಿ ಕಸ್ತೂರಿಗೆ ಮತ್ತೆ ಆ ಮಾತು ನೆನಪಾದರೆ? ಇಷ್ಟು ದಿನ ಉಂಡದ್ದು ನಿಂತುಹೋದರೆ? ಮೆಲ್ಲಗೆ, ಸಪ್ಪಳವಾಗದಂತೆ ಕುಟ್ಟತೊಡಗಿದಳು. ಮೆಲ್ಲಗೆ ಕುಟ್ಟಿದರೆ ಅಗಸೆ ಪುಡಿಯಾಗುವುದಿಲ್ಲ.

"ಹಂಗ ಕುಟ್ಟಿದ್ರ ಯುಗಾದಿ ಮುಗಿಯೂತನ ಕುಟ್ಟತಿ."

ತಂಗೆವ್ವ ತಿರುಗಿ ನೋಡಿದಳು. ಬಾಗಿಲಲ್ಲಿ ಕಸ್ತೂರೆವ್ವ ನಿಂತಿದ್ದಳು, ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದರಲ್ಲಿ ಖಾಲಿ ತಾಟು ಹಿಡಿದು. ಮೆಲ್ಲಗೆ ಬಂದು ಒಳ್ಳಿನ ಮಗ್ಗಲು, ಹತ್ತೊಂಬತ್ತು ವರ್ಷ ತಾನು ನಿಲ್ಲುತ್ತಿದ್ದ ಜಾಗದಲ್ಲಿ, ನೆಲದ ಮೇಲೆ ಕೂತಳು.

"ಒಂಟಿ ಒನಕಿ ಕೇಳಿ ಕೇಳಿ ನನಗೂ ಸಾಕಾಗೇತಿ ಯಕ್ಕಾ. ಆದ್ರ ಡಾಕ್ಟರ ಆರು ತಿಂಗಳು ಭಾರ ಎತ್ತಬ್ಯಾಡ ಅಂದಾರ. ಅಲ್ಲೀತನ ನೀ ಒಬ್ಬಾಕೀನ ಕುಟ್ಟು."

ತಂಗೆವ್ವ ಒನಕೆ ಹಿಡಿದೇ ನಿಂತಿದ್ದಳು.

ಕಸ್ತೂರೆವ್ವ ತಾಟನ್ನು ಒಳ್ಳಿನ ಅಂಚಿಗೆ ಇಟ್ಟಳು. "ಉಣ್ಣವರು ಯಾರದಾರ ಅಂತ ಕೇಳಿದ್ಯಲ್ಲ? ನಾ ಬಂದೀನಿ. ನೀಡು."